ಜೋಳದ ಕಣದಲ್ಲಿ ಅಮೆರಿಕದ ಅಧ್ಯಕ್ಷರು

ಪಾಲಾ ಅವರ ಎಡಗಿವಿಯ ಮೇಲಿನ ಅಂಚು ಇರಲಿಲ್ಲ. ಇಲಿ ಕಚ್ಚಿ ಬಿಟ್ಟುಹೋದ ರೊಟ್ಟಿಯ ಹಾಗೆ ಅಲ್ಲಿ ಅಷ್ಟು ಜಾಗ ಖಾಲಿ. ಮೊದಲ ಸಲ ನೋಡಿದಾಗ ನಾಯಿ ಕಚ್ಚಿರಬೇಕು ಅಂದುಕೊಂಡೆ, ಬಾಯಿ ಸುಮ್ಮನಿರದೆ ಕೇಳಿಯೂಬಿಟ್ಟೆ.

"ನಾಯಿ ಅಲ್ಲ ಕಣಪ್ಪ, ಚಳಿ," ಅಂದರು. "ನಿಮ್ಮೂರ್ ಚಳಿ ಮೂಗ್ ಸೋರುಸ್ತದೆ, ಅಷ್ಟೇಯ. ನಮ್ಮೂರ್ ಚಳಿ ಕಿವಿ ತಿಂತದೆ."

ಪಾಲಾ ಅಂದರೆ ಟಿಬೆಟನ್ನರ ಮಾತಿನಲ್ಲಿ ಅಪ್ಪ. ಬೈಲಕುಪ್ಪೆಯ ಕ್ಯಾಂಪುಗಳಲ್ಲಿ ವಯಸ್ಸಾದ ಗಂಡಸರನ್ನೆಲ್ಲ ಹಾಗೇ ಕರೆಯುತ್ತಾರೆ. ನನಗೆ ಮಾತ್ರ ಆ ಮಾತು ಕಿವಿಗೆ ಬಿದ್ದರೆ ನೆನಪಾಗುವುದು ಒಬ್ಬರೇ. ನಾನು ಪಿರಿಯಾಪಟ್ಟಣದ ಕಡೆಯ ಜೋಳದ ವ್ಯಾಪಾರಿ. ಸೈಕಲ್ಲಿನ ಹಿಂದೆ ತಕ್ಕಡಿ ಕಟ್ಟಿಕೊಂಡು ಕ್ಯಾಂಪಿನಿಂದ ಕ್ಯಾಂಪಿಗೆ ತಿರುಗಿ ಮುಸುಕಿನ ಜೋಳ ಕೊಳ್ಳುತ್ತಿದ್ದವನು. ಇವತ್ತು ಸ್ವಂತ ಮಂಡಿ ಇದೆ, ಲಾರಿ ಇದೆ. ಯಾರೂ ಕೈಹಿಡಿದು ಮೇಲೆತ್ತಲಿಲ್ಲ, ನನ್ನ ಬಾಯಿಯೇ ಎತ್ತಿತು. ಒಣಗಿದ ಜೋಳವನ್ನು ಹಸಿ ಅನ್ನುವುದು, ಹಸಿಯನ್ನು ಮಾರುವಾಗ ಒಣಗಿದೆ ಅನ್ನುವುದು, ಹುಣಸೂರಿನಲ್ಲಿ ನಿನ್ನೆಯೇ ಧಾರಣೆ ಬಿದ್ದುಹೋಯಿತು ಅಂತ ಮುಖ ಸಪ್ಪೆ ಮಾಡಿಕೊಳ್ಳುವುದು, ಇದೆಲ್ಲ ವ್ಯಾಪಾರದ ಉಪ್ಪುಖಾರ ಅಂತಲೇ ತಿಳಿದಿದ್ದೆ.

ಪಾಲಾ ಅವರ ಹತ್ತಿರ ಈ ಆಟ ನಡೆಯುತ್ತಿರಲಿಲ್ಲ. ಒಂದು ಕಾಳು ಹಲ್ಲಿನ ನಡುವೆ ಇಟ್ಟು ಕಟುಕ್ ಅನ್ನಿಸಿ, "ಒಣಗದೆ. ನೀನೂ ಕಚ್ಚು," ಅನ್ನುತ್ತಿದ್ದರು. ಕಚ್ಚಿದ ಮೇಲೆ ಅವರು ಹೇಳಿದ ಧಾರಣೆಗೇ ತೂಗಿಕೊಳ್ಳುತ್ತಿದ್ದೆ.

ಅವರ ಕನ್ನಡ ಕಳೆ ಕೀಳಲು ಬರುತ್ತಿದ್ದ ನಮ್ಮ ಕಡೆಯ ಹೆಂಗಸರಿಂದ ಕಲಿತದ್ದು. ಹಾಗಾಗಿ ಬುದ್ಧನ ಭಕ್ತರಾದರೂ ಮಾತು ಮಾತಿಗೆ "ಅಯ್ಯೋ ಶಿವ್ನೆ" ಅನ್ನುತ್ತಿದ್ದರು. ನೀವು-ನೀನು ಅನ್ನುವ ಭೇದ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಮ್ಮೆ ಹೊಲ ನೋಡಲು ಬಂದ ದೊಡ್ಡ ಅಧಿಕಾರಿಗೆ ಚಾಪೆ ಹಾಸಿ, "ಕುತ್ಕೊಳ್ಲಾ, ಬಿಸ್ಲಲ್ ಬಂದಿದೀಯ," ಅಂದುಬಿಟ್ಟರು. ಆ ಮನುಷ್ಯ ಕೂತರು, ಉಪ್ಪು-ಬೆಣ್ಣೆ ಹಾಕಿದ ಅವರ ಟೀಯನ್ನೂ ಕುಡಿದರು.

ಮದುವೆ ಆಗಿರಲಿಲ್ಲ. ಸರ್ಕಾರ ನಿರಾಶ್ರಿತರಿಗೆ ಹಂಚಿದಾಗ ಸೋದರಮಾವನಿಗೆ ಬಂದಿದ್ದ ಹೊಲ, ಮಾವ ಹೋದ ಮೇಲೆ ಇವರಿಗೆ ಬಂತು. ತಗಡಿನ ಮಾಡಿನ ಎರಡು ಕೋಣೆ, ಒಂದು ರೇಡಿಯೋ, ಮಠದ ಲೈಬ್ರರಿಯಿಂದ ತಂದ ಹಳೇ ಇಂಗ್ಲಿಷ್ ಪತ್ರಿಕೆಗಳ ಕಟ್ಟು. ಆ ರೇಡಿಯೋದಲ್ಲಿ ಅವರು ಕೇಳುತ್ತಿದ್ದುದು, ಆ ಪತ್ರಿಕೆಗಳಲ್ಲಿ ಹುಡುಕುತ್ತಿದ್ದುದು ಒಂದೇ ವಿಷಯ: ಅಮೆರಿಕದ ಅಧ್ಯಕ್ಷರು. ಯಾವನು ಬಂದ, ಯಾವನು ಹೋದ, ಮನೆಯೊಳಗೆ ಏನು ಮಾಡಿದ, ಹೊರಗೆ ಏನು ಮಾಡಿದ. ನಮ್ಮ ಎಂಎಲ್ಎ ಹೆಸರು ಅವರಿಗೆ ಗೊತ್ತಿರಲಿಲ್ಲ.

ಈ ಹುಚ್ಚು ಯಾಕೆ ಅಂತ ನನಗೆ ಆರೇಳು ವರ್ಷ ತಿಳಿಯಲಿಲ್ಲ. ಅವರ ಬದುಕಿನ ಅತಿ ದೊಡ್ಡ ಸಂಗತಿಯೊಂದನ್ನು ಅವರು ಯಾರಿಗೂ ಹೇಳುವ ಹಾಗಿರಲಿಲ್ಲ. ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದರು. ಹೇಳಬಹುದಾದ ದಿನ ಬಂದೀತೇ ಅನ್ನುವುದೊಂದೇ ಅವರ ಕಾಯುವಿಕೆ. ನನಗೆ ಗೊತ್ತಾದದ್ದು ನಾನು ಮಾಡಿದ ಒಂದು ತಪ್ಪಿನಿಂದ.

ಅದಕ್ಕೆ ಮೊದಲು ಅವರ ತೆನೆಗಳ ಲೆಕ್ಕಾಚಾರ ಹೇಳಬೇಕು. ಜೋಳ ಕೊಯ್ದು ಕಣದಲ್ಲಿ ಹರಡಿದಾಗ ಅವರು ಕೋಲಿನಿಂದ ಒಂದು ಗೆರೆ ಎಳೆಯುತ್ತಿದ್ದರು. ಗೆರೆಯ ಈಚೆ ಮನೆ, ಆಚೆ ಹೊರಗು. ಒಳ್ಳೆಯ ಕೆಲಸಕ್ಕೆ ತುಂಬಿದ ತೆನೆ, ಕೆಟ್ಟದ್ದಕ್ಕೆ ಹುಳು ಹೊಡೆದದ್ದು. ಅಧ್ಯಕ್ಷರ ಹೆಸರು ನನ್ನ ನಾಲಿಗೆಗೆ ಹೊಂದುವುದಿಲ್ಲ ಅಂತ ಒಬ್ಬೊಬ್ಬರಿಗೂ ಒಂದೊಂದು ಗುರುತು ಇಟ್ಟಿದ್ದರು. ಗಾಲಿ ಕುರ್ಚಿಯವನು: ಕೆಲಸವಿಲ್ಲದವರಿಗೆ ಕೆಲಸ, ಮುದುಕರಿಗೆ ಪಿಂಚಣಿ, ಈಚೆ ಕಡೆ ತುಂಬಿದ ತೆನೆಗಳ ಸಾಲು. ಮುದಿ ಸೇನಾಪತಿ: ಕಪ್ಪು ಜನರ ಮಕ್ಕಳನ್ನು ಬಿಳಿಯರ ಶಾಲೆಯೊಳಕ್ಕೆ ಬಿಡಲು ಮಿಲಿಟರಿಯನ್ನೇ ಕಳಿಸಿದ. ಉದ್ದನೆಯ ಆಳು: ಆ ಜನಕ್ಕೆ ಓಟಿನ ಹಕ್ಕು ಗಟ್ಟಿ ಮಾಡಿದ, ವಯಸ್ಸಾದವರಿಗೆ ಆಸ್ಪತ್ರೆಯ ಖರ್ಚು ಕೊಡಿಸಿದ, ಆಚೆಗೆ ಮಾತ್ರ ವಿಯಟ್ನಾಮಿನ ಯುದ್ಧ, ಒಂದು ತೆಕ್ಕೆ ಹುಳುಕು ತೆನೆ.

ನಾನು ವ್ಯಾಪಾರದ ಬುದ್ಧಿಯವನು. "ಸರಿ ಪಾಲಾ, ಈಗ ಕೂಡಿ ಕಳೀರಿ. ಆಸಾಮಿ ಲಾಭನೋ ಲುಕ್ಸಾನೋ?" ಅಂದೆ.

"ಕೂಡಬ್ಯಾಡ ಕಣ್ಲಾ."

"ಕೂಡದೆ ಹೆಂಗೆ?"

"ಮನೇಲ್ ಮಾಡುದ್ ಒಳ್ಳೇದು ಹೊರಗಿಂದ್ ಕೆಟ್ಟದ್ನ ಅಳ್ಸಲ್ಲ. ಹೊರಗಿನ್ ಕೆಟ್ಟದ್ದು ಮನೇದ್ನೂ ಅಳ್ಸಲ್ಲ. ಎಲ್ಡೂ ಅಂಗೇ ಬಿದ್ದಿರ್ಲಿ."

ಒಬ್ಬ ಅಧ್ಯಕ್ಷನ ವಿಷಯ ಬಂದಾಗ ಅವರ ಕೈ ನಿಧಾನವಾಗುತ್ತಿತ್ತು. ಚೀನಾಕ್ಕೆ ಹೋಗಿ ಕೈಕುಲುಕಿದವನು. ಅವನಿಗೆ ಆಚೆ ಕಡೆ ಒಂದು ತುಂಬಿದ ತೆನೆ ಇಟ್ಟು, ಯೋಚನೆ ಮಾಡಿ, ಪಕ್ಕದಲ್ಲಿ ಒಂದು ಹುಳುಕು ತೆನೆ. "ಲೋಕಕ್ಕೆ ಒಳ್ಳೇದಾಯ್ತೇನೋ. ನಮ್ಗೆ ಆಗ್ಲಿಲ್ಲ." ಈಚೆ ಕಡೆ ಒಂದು ತುಂಬಿದ್ದು: "ಅವರ ದೇಶದ್ ಗಾಳಿ ನೀರು ಚೊಕ್ಕ ಮಾಡೋ ಕಾನೂನು ಇವನ್ ಕಾಲ್ದಲ್ಲೇ ಬಂತು." ಎದುರು ಪಕ್ಷದವರ ಮಾತು ಕದ್ದು ಕೇಳಿಸಿಕೊಂಡ ಹಗರಣಕ್ಕೆ, ಸುಳ್ಳಿಗೆ ಮತ್ತೊಂದು ಹುಳುಕು. ಅವನ ತೆನೆಗಳನ್ನು ಎತ್ತಿ ರಾಶಿಗೆ ಹಾಕಲು ಯಾಕೋ ಹೊತ್ತು ಹಿಡಿಯುತ್ತಿತ್ತು. ಬಲಗೈಯ ತೋರುಬೆರಳು ಮೊಣಕಾಲ ಮೇಲೆ ಟಕ್ ಟಕ್ಕಟಕ್ ಬಡಿಯುತ್ತಿರುತ್ತಿತ್ತು. ನರದ ತೊಂದರೆ ಇರಬೇಕು, ಮೈಸೂರಿಗೆ ತೋರಿಸಿಕೊಂಡು ಬನ್ನಿ ಅಂತ ನಾನು ಸಲಹೆ ಕೂಡ ಕೊಟ್ಟಿದ್ದೆ.

ಅವರು ಐವತ್ತು ದಾಟಿದ ಹೊತ್ತಿಗೆ ಅಮೆರಿಕದ ಆಗಿನ ಅಧ್ಯಕ್ಷ, ಹೊರದೇಶದವರು ಬಂದು ನೆಲೆಸುವ ಕಾನೂನನ್ನು ತಿದ್ದಿದ. ಅದರಲ್ಲಿ ಭಾರತ, ನೇಪಾಳಗಳಲ್ಲಿದ್ದ ಟಿಬೆಟನ್ನರ ಪೈಕಿ ಸಾವಿರ ಜನಕ್ಕೆ ಬಾಗಿಲು ತೆರೆಯಿತು. ಅದೇ ಕಾಲದಲ್ಲಿ ಅವನು ಕೈಕಾಲು ಇಲ್ಲದವರು ಎಲ್ಲ ಕಟ್ಟಡಗಳಿಗೂ ಹೋಗಿಬರುವ ಹಾಗೆ ಮಾಡುವ ಕಾನೂನಿಗೂ ಸಹಿ ಹಾಕಿದ್ದ, ಮರಳುಗಾಡಿನಲ್ಲಿ ಯುದ್ಧವನ್ನೂ ಮಾಡಿದ. ಪಾಲಾ ಗೆರೆಯ ಎರಡೂ ಕಡೆ ತೆನೆ ಇಡುತ್ತ ಕೂತಿದ್ದಾಗ ಕ್ಯಾಂಪಿನ ಆಫೀಸಿನವರು ಬಂದು, ಚೀಟಿ ಎತ್ತಿದ್ದರಲ್ಲಿ ನಿಮ್ಮ ಹೆಸರು ಬಂದಿದೆ ಅಂತ ಹೇಳಿಹೋದರು.

ನನಗೆ ಕುಣಿಯುವ ಹಾಗಾಯಿತು. ನಿಜ ಹೇಳಿಬಿಡುತ್ತೇನೆ: ಅರ್ಧ ಸಂತೋಷ ಅವರಿಗಾಗಿ, ಇನ್ನರ್ಧ ಅವರ ಹೊಲಕ್ಕಾಗಿ. ಅವರು ಹೋದರೆ ಆ ಹೊಲವನ್ನು ಗುತ್ತಿಗೆಗೆ ನಾನೇ ಹಿಡಿಯಬಹುದು ಅಂತ ಅಂದೇ ಸಂಜೆ ಆಫೀಸಿನ ಗುಮಾಸ್ತನ ಕಿವಿಯಲ್ಲಿ ಹಾಕಿಟ್ಟೆ. ಮಾರನೆಯ ದಿನ ಫಾರಂ ತುಂಬಿಕೊಡುತ್ತೇನೆ ಅಂತ ಹೋಗಿ ಕೂತೆ. ಅವರಿಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಬರೆಯುವಾಗ ಅಕ್ಷರ ಕೂಡುತ್ತಿರಲಿಲ್ಲ. ನನಗೆ ಪಿಯುಸಿ ಫೇಲಾಗುವಷ್ಟು ಇಂಗ್ಲಿಷ್ ಇತ್ತು.

ಹೆಸರು, ತಂದೆ, ಹುಟ್ಟಿದ ಜಾಗ. ಕೇಳುತ್ತ ಬರೆಯುತ್ತ ಹೋದೆ. ಒಂದು ಕಡೆ, ನೀವು ಈ ಮೊದಲು ಅಮೆರಿಕಕ್ಕೆ ಹೋಗಿದ್ದಿರಾ, ಯಾವಾಗ, ಎಷ್ಟು ದಿನ ಅಂತ ಇತ್ತು. ಅದನ್ನೇನು ಕೇಳುವುದು? ಕಿವಿ ಹರಿದ ಟಿಬೆಟನ್ ರೈತ, ಮೈಸೂರಿಗೆ ಹೋಗುವುದೇ ವರ್ಷಕ್ಕೊಂದು ಸಲ. ಇಂಕಿನಲ್ಲಿ "ಇಲ್ಲ" ಅಂತ ಬರೆದು ಮುಂದಕ್ಕೆ ಹೋದೆ.

"ಅದೇನ್ ಬರ್ದೆ?" ಅಂದರು.

"ಮೊದ್ಲು ಅಮೆರಿಕಕ್ಕೆ ಹೋಗಿದ್ರಾ ಅಂತ ಕೇಳವ್ರೆ. ಇಲ್ಲ ಅಂತ ಬರದೆ."

ಮೊಣಕಾಲ ಮೇಲಿನ ಬೆರಳು ನಿಂತಿತು.

"ಹೊಡ್ದ್ ಹಾಕು ಅದ್ನ."

"ಯಾಕೆ ಪಾಲಾ?"

"ಓಗಿದ್ದೆ."

ನಾನು ನಕ್ಕೆ. ಅವರು ನಗಲಿಲ್ಲ. ಎದ್ದು ಬಾಗಿಲು ಮುಂದಕ್ಕೆ ಮಾಡಿ ಬಂದು ಕೂತು, ಟೀ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದರು. ಮುದಿ ಸೇನಾಪತಿ ಅಧ್ಯಕ್ಷನಾಗಿದ್ದ ಕೊನೆಯ ವರ್ಷ ಇವರಂಥ ಹರೆಯದವರನ್ನು ಗುಟ್ಟಾಗಿ ವಿಮಾನದಲ್ಲಿ ಕರೆದುಕೊಂಡು ಹೋದರಂತೆ. ಇಳಿದ ಮೇಲೆ ಬಸ್ಸು. ಬಸ್ಸಿನ ಕಿಟಕಿಗೆಲ್ಲ ಕಪ್ಪು ಬಣ್ಣ. ಹಿಮದ ಬೆಟ್ಟದ ನಡುವೆ ಒಂದು ಬಿಡಾರ. ಯಾವ ದೇಶ ಅಂತಲೇ ಮೊದಮೊದಲು ತಿಳಿಯಲಿಲ್ಲ. ಚೀನಾದವರ ಮೇಲೆ ಹೋರಾಡಲು ಅಲ್ಲಿ ಬಂದೂಕು, ನಕ್ಷೆ, ಪ್ಯಾರಾಚೂಟು ಕಲಿಸಿದರು. ಇವರಿಗೆ ವೈರ್‌ಲೆಸ್. ಬೆರಳಿನಲ್ಲಿ ಬಡಿದು ಕಳಿಸುವ ಸುದ್ದಿ. ಇವರು ಅಲ್ಲಿರುವಾಗಲೇ ಹೊಸ ಅಧ್ಯಕ್ಷ ಬಂದ, ಆಮೇಲೆ ತೆರೆದ ಕಾರಿನಲ್ಲಿ ಗುಂಡೇಟಿಗೆ ಸತ್ತನಲ್ಲ, ಆ ಹರೆಯದವನು. ಬಿಡಾರ ಬಿಡುವ ದಿನ ವೈರ್‌ಲೆಸ್ ಮೇಷ್ಟ್ರು ಒಬ್ಬೊಬ್ಬರ ಕೈಹಿಡಿದು ಮಾತು ತೆಗೆದುಕೊಂಡರು: ಇಲ್ಲಿಗೆ ಬಂದದ್ದನ್ನು ಯಾರಿಗೂ ಹೇಳಬಾರದು.

"ನನ್ ಜೊತೆಯೋರ್ನ ಟಿಬೆಟ್ ಒಳೀಕ್ ಇಳುಸುದ್ರು. ನಾನು ನೇಪಾಳದ್ ಗಡೀಲಿ ವೈರ್‌ಲೆಸ್ ಮುಂದೆ. ಅವರು ಬಡೀತಿದ್ರು, ನಾನ್ ಬರ್ಕೊತಿದ್ದೆ. ಒಬ್ಬೊಬ್ಬನ್ ಬೆರಳೂ ಒಂದೊಂದ್ ಥರ ಕಣಪ್ಪ, ಕೈಬರಹ ಇದ್ದಂಗೆ. ಇವ ಇಂಥವ ಅಂತ ಗೊತ್ತಾಗೋದು. ಒಬ್ಬೊಬ್ರೇ ನಿಂತೋದ್ರು."

ಕೊನೆಗೆ ಅಮೆರಿಕದಿಂದ ಬರುತ್ತಿದ್ದ ದುಡ್ಡು, ಬಂದೂಕೂ ನಿಂತವು. ಯಾಕೆ ಅಂತ ಯಾರೂ ಹೇಳಲಿಲ್ಲ. ಒಂದು ದಿನ ರೇಡಿಯೋ ಹಾಕಿದರೆ ಅವರ ಅಧ್ಯಕ್ಷ ಚೀನಾಕ್ಕೆ ಹೋಗಿ ಕೈಕುಲುಕಿದ ಸುದ್ದಿ. ಆಮೇಲೆ ಎಲ್ಲ ಮುಗಿಯಿತು, ಇವರು ಮಾವನ ಹೊಲಕ್ಕೆ ಬಂದರು.

ಕೇಳಿ ಸುಮ್ಮನಿರುವುದು ನನ್ನ ಕಸುಬಲ್ಲ. "ಪಾಲಾ, ಅವರೇ ಗುಟ್ಟು ಅಂದವ್ರೆ. ಅಂದ್ಮೇಲೆ ಇಲ್ಲ ಅಂತ ಬರೆದ್ರೆ ಅವರಿಗೂ ಒಳ್ಳೇದು, ನಿಮಗೂ ಒಳ್ಳೇದು. ಯಾರು ನೋಡೋಕೆ ಬರ್ತಾರೆ?"

"ಇಲ್ಲ ಅಂತ ಬರುದ್ರೆ, ಅಲ್ಲಿ ಯಾರೂ ಇರ್ನಿಲ್ಲ ಅಂತ ನಾನೇ ಬರ್ಕೊಟ್ಟಂಗಾಯ್ತು. ಮತ್ತೆ ಆ ಸತ್ತೋರು ಎಲ್ಲಿಂದ ಬಂದ್ರು?"

"ಹಂಗಾದ್ರೆ ಹೌದು ಅಂತ ಬರೀತೀನಿ."

"ಅಂಗ್ ಬರುದ್ರೆ ಮೇಷ್ಟ್ರಿಗ್ ಕೊಟ್ಟ ಮಾತು ಓಯ್ತು."

"ಅವರು ನಿಮ್ಮನ್ನ ಕೈಬಿಟ್ರಲ್ಲ, ಇನ್ನೆಂಥಾ ಮಾತು!"

"ಅವ್ರ್ ಬುಟ್ಟಿದ್ದು ಅವರ್ದು. ನಂದು ನಂದು." ಆಮೇಲೆ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು. "ನಾನ್ ಓದ್ರೆ ನಿಂಗೆ ಹೊಲ. ಓಗ್ದಿದ್ರೆ ಜೋಳ. ಹೆಂಗಾದ್ರೂ ಗೆಲ್ಲೋನು ನೀನೇಯ, ಸುಮ್ಕಿರ್ಲಾ."

ಗುಮಾಸ್ತ ಬಾಯಿಬಿಟ್ಟಿದ್ದ. ನನ್ನ ಮುಖ ಎಲ್ಲಿಡಲಿ ಅನ್ನಿಸಿತು. ಪಾಲಾ ಎದ್ದು ಮೂಲೆಯ ಬುಟ್ಟಿಯಿಂದ ಎರಡು ತೆನೆ ತಂದು ನನ್ನ ಮುಂದಿಟ್ಟರು. ಒಂದು ತುಂಬಿದ್ದು, ಒಂದು ಹುಳುಕು. "ಇದು ಫಾರಂ ಬರ್ಯಕ್ ಬಂದಿದ್ದುಕ್ಕೆ. ಇದು ಹೊಲಕ್ಕೆ. ಕೂಡ್‌ಬ್ಯಾಡ."

ಆ ಫಾರಂ ಅವರು ಕೊಡಲೇ ಇಲ್ಲ. ಅವರ ಜಾಗಕ್ಕೆ ಪಟ್ಟಿಯಲ್ಲಿ ಮುಂದಿದ್ದವರು ಹೋದರು. ನೋಡಿ, ನಾನು ಬದುಕಿನಲ್ಲಿ ನೂರಾರು ಜನಕ್ಕೆ ಸಲಹೆ ಕೊಟ್ಟಿದ್ದೇನೆ, ಈಗಲೂ ಕೊಡುತ್ತೇನೆ. ಯಾರದಾದರೂ ಫಾರಂ ತುಂಬುವಾಗ ಉತ್ತರ ಗೊತ್ತೇ ಇದೆ ಅನ್ನಿಸಿದರೂ ಒಂದು ಸಲ ಕೇಳಿ. ಇಷ್ಟು ಮಾತ್ರ ನಾನು ದುಡ್ಡು ಕೊಡದೆ ಕಲಿತದ್ದು.

ಹೋಗುವವರು ಹೋದ ಮೇಲೆ ಅವರ ಸಾಲಿನ ಮನೆಗಳಲ್ಲಿ ಒಂದೊಂದಾಗಿ ಬೀಗ ಬಿತ್ತು. ಆ ಬಿಡಾರದ ಜೊತೆಗಾರರಲ್ಲಿ ಬೈಲಕುಪ್ಪೆಗೆ ಬಂದಿದ್ದ ಇನ್ನೊಬ್ಬರೂ ತೀರಿಕೊಂಡರು. ಆ ವಿಷಯದ ಮೇಲೆ ಪುಸ್ತಕಗಳು ಬಂದಿವೆ, ಬೇರೆ ಕಡೆಯ ಕೆಲವರು ಬಾಯಿಬಿಟ್ಟಿದ್ದಾರೆ ಅಂತ ಕೇಳಿ ಬಂದು ಹೇಳಿದೆ. "ಪುಸ್ತಕದೋರು ನನ್ ಮಾತು ವಾಪಸ್ ಕೊಟ್ಟಿಲ್ವಲ್ಲ," ಅಂದರು. ಜೋಳದ ಕಾಲ ಅಲ್ಲದಿದ್ದರೂ ಆಗಾಗ ಹೋಗಿ ಕೂರುವ ಅಭ್ಯಾಸ ನನಗೆ ಆಯಿತು. ಅವರು ಟೀ ಕೊಡುತ್ತಿದ್ದರು, ರೇಡಿಯೋ ಹಾಕುತ್ತಿದ್ದರು. ನಾನು ಎದ್ದು ಬರುವಾಗ ಬಾಗಿಲವರೆಗೆ ಬಂದು, "ನಾಳೀಕ್ ಬತ್ತೀಯ?" ಅನ್ನುತ್ತಿದ್ದರು. ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಅವರಿಗೆ ಎಪ್ಪತ್ತಾದ ಮೇಲೆ ಒಂದು ದಿನ ಮಠದಲ್ಲಿ ಓದುವ ಸನ್ಯಾಸಿಯೊಬ್ಬ ಫೋನಿನಲ್ಲಿ ಒಂದು ಚಿತ್ರ ತಂದು ತೋರಿಸಿದ. ಅಮೆರಿಕದ ಬೆಟ್ಟವೊಂದರಲ್ಲಿ ಅಲ್ಲಿನ ದೊಡ್ಡ ಮನುಷ್ಯರು ನಿಂತು ಲೋಹದ ಫಲಕವೊಂದನ್ನು ನೆಟ್ಟಿದ್ದಾರೆ: ಟಿಬೆಟನ್ನರು ಇಲ್ಲಿ ತರಬೇತಿ ಪಡೆದಿದ್ದರು, ಅವರಿಗೆ ಗೌರವ. ನಾನು ಪಕ್ಕದಲ್ಲೇ ಇದ್ದೆ. ಪಾಲಾ ಫಲಕವನ್ನು ಓದಲಿಲ್ಲ. ಹಿಂದಿನ ಬೆಟ್ಟವನ್ನು ದೊಡ್ಡದು ಮಾಡಿಸಿ, ಅದರ ಬೆನ್ನಿನ ಮೇಲೆ ಬೆರಳು ಹಾಯಿಸಿದರು.

"ಅದೇಯ," ಅಂದರು. ಸನ್ಯಾಸಿ ಹೋದ ಮೇಲೆ ನನ್ನ ಕಡೆ ತಿರುಗಿ, "ಅವರೇ ಯೋಳುದ್ರು. ಇನ್ ನಾನೂ ಯೋಳ್ಬೋದು, ಅಲ್ವಾ?"

"ಜೋರಾಗೇ ಹೇಳಿ ಪಾಲಾ. ಯಾರಿಗ್ ಹೇಳ್ತೀರಿ?"

ಆ ಪ್ರಶ್ನೆ ಕೇಳಬಾರದಿತ್ತು. ಕ್ಯಾಂಪಿನಲ್ಲಿ ಅವರ ವಾರಗೆಯವರು ಉಳಿದಿರಲಿಲ್ಲ, ಹೊಸಬರಿಗೆ ಹೊಸ ಚಿಂತೆಗಳು. ಅವರು ಎದ್ದು ಬೇರೆ ಅಂಗಿ ಹಾಕಿಕೊಂಡರು. "ನಡಿ, ರಸ್ತೆ ಟೀ ಅಂಗ್ಡೀಗೆ. ಮೂವತ್ತೈದ್ ವರ್ಷದಿಂದ ಅಲ್ ಕುಡೀತಿವ್ನಿ. ಅವ್ರಿಗೇ ಯೋಳ್ತೀನಿ."

ಅಂಗಡಿಯಲ್ಲಿ ಆಟೋದವನೊಬ್ಬ, ನನ್ನ ಮಂಡಿಯಲ್ಲಿ ಮೂಟೆ ಹೊರುವವನೊಬ್ಬ, ಟೀ ಮಾಡುವ ಅಕ್ಕ. ಪಾಲಾ ಕೂರಲಿಲ್ಲ. ಶಾಲೆಯಲ್ಲಿ ಪದ್ಯ ಒಪ್ಪಿಸುವವರ ಹಾಗೆ ನಿಂತು, "ನಾನು ಅಮೆರಿಕಕ್ಕೆ ಓಗಿದ್ದೆ," ಅಂದರು.

ಆಟೋದವನು ತಲೆ ಎತ್ತಿದ. "ಯಾವಾಗ್ ಪಾಲಾ, ರಾತ್ರಿ ಮಲ್ಗಿದ್ದಾಗ್ಲಾ?"

"ಹರೇದಲ್ಲಿ. ಅಲ್ಲಿನ್ ಅಧ್ಯಕ್ಷನೇ ಕರುಸ್ದ."

"ಅಯ್ಯಯ್ಯೋ! ಅಧ್ಯಕ್ಷ ಕರುಸ್ದ! ನನ್ನೂ ಮೊನ್ನೆ ಕರುಸ್ದ ಕಣ್ರಪ್ಪ, ಆಟೋಗ್ ಗ್ಯಾಸಿಲ್ಲ, ಬರಕ್ಕಾಗಲ್ಲ ಅಂದೆ."

ನಾನು ನಡುವೆ ಬಾಯಿ ಹಾಕಿದೆ. "ಲೇ, ನಿಜ ಕಣ್ಲಾ ಅದು. ಸತ್ಯವಾಗ್ಲೂ ಹೋಗಿದ್ರು. ನಂಗೆ ಇಪ್ಪತ್ ವರ್ಷದಿಂದ ಗೊತ್ತು."

ಮೂಟೆಯವನು ಟೀ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. "ಯಜಮಾನ್ರೇ, ನೀವ್ ಯೋಳುದ್ರೆ ಮುಗೀತು ಬುಡಿ! ಓದ್ ವಾರ ನೆಂದಿದ್ ಜೋಳನ ಮುಟ್ಟಿ, ಸತ್ಯವಾಗ್ಲೂ ಒಣಗದೆ ಅಂದ್ರಲ್ಲ, ಇದೇ ಬಾಯಲ್ಲಿ!"

ಅಂಗಡಿ ತುಂಬ ನಗು. ನಾನು ಇನ್ನೂ ಜೋರಾಗಿ ಹೇಳಿದೆ, ಆಣೆ ಇಟ್ಟೆ, ಫಲಕದ ವಿಷಯ ಹೇಳಿದೆ. ಹೇಳಿದಷ್ಟೂ ನಗು ಹೆಚ್ಚಾಯಿತು. ಟೀ ಅಕ್ಕ ಕೊನೆಗೆ, "ಓಗಿದ್ರೆ ಓಗಿದ್ರು ಬುಡ್ರಪ್ಪ, ವಯಸ್ಸಾದೋರು. ಕುತ್ಕೊಳಿ ಪಾಲಾ, ಟೀ ಆರೋಯ್ತದೆ," ಅಂದಳು. ಪಾಲಾ ಕೂತರು. ಎಲ್ಲರ ಜೊತೆ ತಾವೂ ಒಂದಿಷ್ಟು ನಕ್ಕರು.

ವಾಪಸ್ ಬರುವ ದಾರಿಯಲ್ಲಿ ಜೋಳ ಎದೆಮಟ್ಟ ಇತ್ತು. ಅರ್ಧ ದಾರಿಯಲ್ಲಿ ನಿಂತು ಕೇಳಿದರು, "ನೀನಾದ್ರೂ ನಂಬ್ತೀಯೇನ್ಲಾ?"

"ನಂಬ್ತೀನಿ ಪಾಲಾ."

ಅವರು ನನ್ನ ಮುಖವನ್ನು ನೋಡಿದರು, ಹಲ್ಲಿನ ನಡುವೆ ಕಾಳು ಇಟ್ಟು ನೋಡುವ ಹಾಗೆ. "ನೀನ್ ವ್ಯಾಪಾರದೋನು. ಇನ್ನೇನ್ ಅಂದೀಯ," ಅಂದರು. ಬೈದದ್ದಲ್ಲ; ಬೆನ್ನ ಮೇಲೆ ಕೈ ಹಾಕಿಯೇ ಅಂದದ್ದು. ಆದರೂ ಆ ಕೈಯ ಭಾರ ಇನ್ನೂ ಇಳಿದಿಲ್ಲ. ನನ್ನ ಮಾತಿಗೆ ಬೆಲೆ ಬೇಕಾಗಿದ್ದದ್ದು ಬದುಕಿನಲ್ಲಿ ಅದೊಂದೇ ದಿನ, ಅಷ್ಟರೊಳಗೆ ಅದನ್ನೆಲ್ಲ ಮೂಟೆ ಮೂಟೆ ಮಾರಿ ಮುಗಿಸಿದ್ದೆ. ಮಕ್ಕಳನ್ನು ವ್ಯಾಪಾರಕ್ಕೆ ಹಾಕುವವರಿಗೆ ನಾನು ಈಗ ಇದನ್ನೇ ಹೇಳುವುದು. ಅವರೂ ನಗುತ್ತಾರೆ.

ಆ ಮಾತನ್ನು ಪಾಲಾ ಮತ್ತೆ ಯಾರಿಗೂ ಹೇಳಲಿಲ್ಲ. ಹತ್ತಿರ ಹತ್ತು ವರ್ಷ ಬದುಕಿದ್ದರು. ತೀರಿಕೊಂಡ ದಿನ ನಾನು ಭೇರ್ಯದ ಕಡೆ ಭತ್ತ ನೋಡಲು ಹೋಗಿದ್ದೆ. ಫೋನು ಬಂದು, ಗಾಡಿ ತಿರುಗಿಸಿಕೊಂಡು ಕ್ಯಾಂಪು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸನ್ಯಾಸಿಗಳು ಮಂತ್ರ ಹೇಳಿ ಹೋಗುತ್ತಿದ್ದರು. ಕೋಣೆಯಲ್ಲಿ ರೇಡಿಯೋ, ಪತ್ರಿಕೆಯ ಕಟ್ಟು ಇದ್ದ ಹಾಗೇ ಇದ್ದವು. ಏನಾದರೂ ಬೇಕಾದರೆ ತೆಗೆದುಕೊಳ್ಳಿ ಅಂದರು. ಏನು ಕೇಳಬೇಕೋ ತಿಳಿಯದೆ ಬರಿಗೈಯಲ್ಲಿ ಬಂದೆ. ನನಗೆ ಹಾಗೆ ಬಂದು ಅಭ್ಯಾಸವಿಲ್ಲ.

ಅಮೆರಿಕದಲ್ಲಿ ಈಗಲೂ ಅಧ್ಯಕ್ಷರು ಬದಲಾಗುತ್ತಾರೆ. ಟಿವಿಯಲ್ಲಿ ಒಂದು ಕಡೆ ಅಲ್ಲಿನ ಜನಕ್ಕೆ ಮಾಡಿದ್ದು ಹೇಳುತ್ತಾರೆ, ಇನ್ನೊಂದು ಕಡೆ ಯಾವುದೋ ದೇಶವನ್ನು ಹಿಡಿದದ್ದು, ಬಿಟ್ಟದ್ದು. ನನಗೆ ಬಿಟ್ಟುಹೋದ ದೇಶದ ಕಡೆಗೇ ಕಣ್ಣು ಹೋಗುತ್ತದೆ; ಅಲ್ಲಿ ಯಾವನು ವೈರ್‌ಲೆಸ್ ಮುಂದೆ ಕೂತಿದ್ದಾನೋ ಅನ್ನಿಸುತ್ತದೆ. ಟೀ ಅಂಗಡಿಯಲ್ಲಿ ಯಾರಾದರೂ ಅಮೆರಿಕದ ಮಾತು ಎತ್ತಿದರೆ, "ನಮ್ಮ ಕ್ಯಾಂಪಿನ ಪಾಲಾ ಒಬ್ಬರು ಅಲ್ಲಿಗೆ ಹೋಗಿದ್ದರು," ಅನ್ನುತ್ತೇನೆ. ದನಿ ಏರಿಸುವುದಿಲ್ಲ, ಆಣೆ ಇಡುವುದಿಲ್ಲ. ಅವರು ನಗುತ್ತಾರೆ. ನಕ್ಕು ಮುಗಿಯಲಿ ಅಂತ ಕಾಯುತ್ತೇನೆ, ಆಮೇಲೆ ಅದನ್ನೇ ಇನ್ನೊಂದು ಸಲ ಹೇಳುತ್ತೇನೆ.